ಸನ್ನತಿಯ ಕಾಳಿಯ ಪೀಠ

ಚಿತ್ತಾಪುರ ತಾಲ್ಲೂಕಿನ ಸನ್ನತಿಯು ಭೀಮಾತೀರದ ಪುಣ್ಯಕ್ಷೇತ್ರವೆಂಬುದೂ, ಅಲ್ಲಿಯ ಚಂದ್ರಲಾಂಬೆಯು ಅನೇಕ ಮನೆತನಗಳ ಕುಲದೇವತೆಯೆಂಬುದೂ ವಾಚಕರಿಗೆ ವಿದಿತವೇ ಆಗಿದೆ. ಬಾಲ್ಯದಲ್ಲಿ ನಾನು ಅಜ್ಜಿಯ ಸಂಗಡ ಅಲ್ಲಿಗೆ ಹೋಗಿದ್ದೆನು. ನಾಲವಾರದಲ್ಲಿ ರೈಲಿನಿಂದಿಳಿದು ಬುತ್ತಿಯ ಗಂಟಿನೊಡನೆ ಬಂದ ಯಾತ್ರಿಕರು ಗುಡಿಯ ಪೌಳಿಯಲ್ಲಿಯೇ ರಾತ್ರಿ ತಂಗುತ್ತಿದ್ದರು. ಬೆಳಗ್ಗೆ ಹೊಳೆಯಲ್ಲಿ ಮಿಂದು, ಪ್ರಾಕಾರದೊಳಗಿನ ಕಾಳಿಯ ಗುಡಿಗೆ ಹೋಗಿ, ಅಜ್ಜಿಯು ಹೇಳಿದಂತೆ ದೇವಿಗೆ ಅಡ್ಡಬಿದ್ದೆನು. ಆ ದೇವಿಯು ಯಾರ ಮಾತಿನ ಮೇಲೆ ನಿಂತಿದ್ದಳೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಸನ್ನತಿಯ ಪ್ರಾಚೀನತೆಯನ್ನು ೧೯೫೪ರಲ್ಲಿಯೇ ಕಪಟರಾಳ ಕೃಷ್ಣರಾಯರು ವಿದ್ವಾಂಸರ ಗಮನಕ್ಕೆ ತಂದಿದ್ದರು. ಆದರೆ ಪೀಠದ ಗುಟ್ಟು ಹೊರಬಿದ್ದುದು ೧೯೮೬ರಲ್ಲಿ. ಆ ವರ್ಷ ಕಾಳಿಯ ಗುಡಿಯ ಛಾವಣಿಯು ಕುಸಿದು ಮೂರ್ತಿಯು ಭಗ್ನವಾಯಿತು. ಜೀರ್ಣೋದ್ಧಾರದ ಸಮಯದಲ್ಲಿ, ಪೀಠವಾಗಿದ್ದ ಚಪ್ಪಡಿಯ ಎರಡು ಮೈಗಳಲ್ಲಿಯೂ ಬ್ರಾಹ್ಮೀ ಅಕ್ಷರಗಳು ಕಂಡವು. ಅವು ಅಶೋಕ ಚಕ್ರವರ್ತಿಯ ಧರ್ಮಶಾಸನಗಳು! ಒಂದು ಮೈಯಲ್ಲಿ ೧೨ನೆಯ ಮತ್ತು ೧೪ನೆಯ ಶಾಸನಗಳು. ಇನ್ನೊಂದರಲ್ಲಿ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಗುಳಿ ಕೊರೆದಿದ್ದರು. ಉಳಿಯ ಏಟಿಗೆ ಸಿಕ್ಕ ಅಕ್ಷರಗಳು ಹೋದುವು.

ಈ ೧೨ನೆಯ ಶಾಸನದ ತಾತ್ಪರ್ಯವೇನು? ಎಲ್ಲ ಮತದವರನ್ನೂ ಗೌರವಿಸಬೇಕು, ನಾಲಗೆಗೆ ಸಂಯಮವಿರಬೇಕು, ಸ್ವಮತದ ಮೇಲಿನ ಭಕ್ತಿಯಿಂದ ಪರಮತವನ್ನು ಹಳಿಯುವವನು ಸ್ವಮತಕ್ಕೇ ಹಾನಿ ತರುವನೆಂಬುದು. ಹೀಗೆ ಹೇಳಿದ ಬೌದ್ಧ ದೊರೆಯ ಕಲ್ಲಿನ ಮೇಲೆ ಕಾಳಿಕಾದೇವಿಯು ಶತಮಾನಗಳ ಕಾಲ ಪೂಜೆಗೊಂಡಳು! ೧೪ನೆಯ ಶಾಸನದಲ್ಲಿ ಚಕ್ರವರ್ತಿಯು, ಲಿಪಿಕಾರನ ದೋಷದಿಂದ ಬರಹವು ಎಲ್ಲಿಯಾದರೂ ಅಪೂರ್ಣವಾಗಿರಬಹುದೆಂದು ಮುಂದಾಗಿಯೇ ಹೇಳಿಟ್ಟಿದ್ದಾನೆ. ಕಾಳಿಯ ಗುಳಿಯನ್ನು ಮಾತ್ರ ಅವನು ಊಹಿಸಿರಲಾರನು.

ಇದೆಲ್ಲವೂ ಪ್ರಾಕೃತದಲ್ಲಿದೆ. ಪಾಠಶಾಲೆಯಲ್ಲಿ ನಾವು ನಾಟಕಗಳನ್ನೋದುವಾಗ ಪ್ರಾಕೃತದ ಮಾತು ಬಂದರೆ ಕೆಳಗಿನ ಸಂಸ್ಕೃತಚ್ಛಾಯೆಯನ್ನು ನೋಡಿ ಮುಂದೆ ಸಾಗುತ್ತಿದ್ದೆವು. ಅದು ಸೇವಕರ ನುಡಿಯೆಂದು ನಮ್ಮ ತಾತ್ಸಾರ. ಚಕ್ರವರ್ತಿಯು ಪ್ರಜೆಗಳೊಡನೆ ಆ ನುಡಿಯಲ್ಲಿಯೇ ಮಾತಾಡಿದನೆಂಬುದನ್ನು ನಾನು ಮನಸ್ಸಿಗೆ ತಂದುಕೊಂಡುದು ಬಹಳ ತಡವಾಗಿ.

ಗುಳಿ ಕೊರೆದ ಶಿಲ್ಪಿಯನ್ನು ನಾನು ದೂಷಿಸಲಾರೆನು. ಜನರು ಮರೆತಿದ್ದ ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ ಎಂಬಾತನು ಮತ್ತೆ ಓದಿದುದು ೧೮೩೭ರಲ್ಲಿ. ಅವನಿಗಿಂತ ಎಷ್ಟೋ ಮೊದಲಿನ ಕಲ್ಲುಕುಟಿಗನಿಗೆ ಅದು ಬರಿಯ ಗೀರು. ಪೀಠವಾಗಿದ್ದುದರಿಂದಲೇ ಆ ಚಪ್ಪಡಿಯು ಅಗಸನ ಬಂಡೆಯಾಗದೆ ಉಳಿಯಿತೆಂದೂ ಹೇಳಬಹುದಲ್ಲವೆ?

ಸನ್ನತಿಗೆ ಹತ್ತಿರದ ಕನಗನಹಳ್ಳಿಯ ದಿಬ್ಬವನ್ನು ಪುರಾತತ್ತ್ವ ಇಲಾಖೆಯವರು ೧೯೯೪ರಿಂದ ಕೆಲವು ವರ್ಷ ಅಗೆದಾಗ ಒಂದು ಮಹಾಸ್ತೂಪವೇ ಹೊರಬಂದಿತು. ಅಲ್ಲಿಯ ಬರಹಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ವೆನ್ನುತ್ತವೆ, ಹೆಸರಿಗೆ ತಕ್ಕಂತೆ ಅದು ನೆಲದಡಿಯಲ್ಲಿಯೇ ಇದ್ದಿತು. ಅದರ ಶಿಲಾಫಲಕಗಳು ಇಲ್ಲಿಯ ಸುಣ್ಣಗಲ್ಲಿನವೇ. ಶಹಾಬಾದಿನಲ್ಲಿ ಫರಸಿಯಾಗಿ ನೆಲಕ್ಕೆ ಹಾಸುವ, ವಾಡಿಯಲ್ಲಿ ಸಿಮೆಂಟಿಗೆ ಅರೆಯುವ ಕಲ್ಲಿನ ಬಳಗದವು. ಸಾತವಾಹನ ಅರಸರನ್ನು ಹೆಸರು ಸಹಿತ ಕಂಡರಿಸಿದ್ದಾರೆ. ಒಂದು ಫಲಕದಲ್ಲಿ ರಾಣಿ, ಪರಿಚಾರಿಕೆಯರ ನಡುವೆ ಒಬ್ಬ ರಾಜನಿದ್ದಾನೆ. ಜೊತೆಗೆ ‘ರಾಯಾ ಅಸೋಕೋ’ ಎಂಬ ಬರಹ. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತು. ಹೆಸರನ್ನು ಮಸ್ಕಿಯು ಕೊಟ್ಟಿತು, ರೂಪವನ್ನು ಕನಗನಹಳ್ಳಿಯು ಕೊಟ್ಟಿತು. ಅಗೆದ ಮೇಲೆ ಆ ಫಲಕಗಳು ಬಹುಕಾಲ ಬಯಲಿನಲ್ಲಿಯೇ ಬಿದ್ದಿದ್ದುವೆಂಬುದು ನಮಗೆ ಭೂಷಣವಲ್ಲ.

ಕಾಳಿಯ ಕುಟಿಗನಿಗೆ ಅಕ್ಷರ ಬಾರದು, ನಮಗೆ ಬರುತ್ತದೆ. ಆದರೂ ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ, ಗುಡಿಯ ಮೆಟ್ಟಿಲಾಗಿದ್ದ ಕಲ್ಲೊಂದರಲ್ಲಿ ಹಳಗನ್ನಡದ ಅಕ್ಷರಗಳನ್ನು ಕಂಡು, ಪ್ರತಿ ಮಾಡಿಕೊಳ್ಳಲು ಮುಂದಿನ ವಾರ ಕಾಗದ ಮಸಿಗಳೊಡನೆ ಹೋದೆನು. ಅಷ್ಟರಲ್ಲಿ ಹೊಸ ಗುಡಿಯ ಕೆಲಸ ಮೊದಲಾಗಿ, ಕಲ್ಲು ತುಂಡುತುಂಡಾಗಿ ತಳಪಾಯ ಸೇರಿತ್ತು. ಮೊದಲ ದಿನ ಓದಿದ ‘ಸ್ವಸ್ತಿ’ ಎಂಬೊಂದು ಪದ ಮಾತ್ರ ನನ್ನ ಪುಸ್ತಕದಲ್ಲಿದೆ.