ಕಾಡುಹಂದಿ, ಜಿಂಕೆ ಮಾಂಸದ ರುಚಿ ನೋಡಬಹುದೇ? ದಾಂಡೇಲಿಗೆ ಹೊರಡುವ ಮುನ್ನ ಇದನ್ನು ಓದಿ

ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡ ಕಡೆ ಪ್ರವಾಸ ಹೊರಟವರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: "ಅಲ್ಲಿ ಕಾಡುಹಂದಿ ಸಿಗುತ್ತೆ, ತಿನ್ನದೆ ಬರಬೇಡಿ." ಈ ಮಾತಿನ ಜೊತೆ ಹರಿದಾಡುವ ನಂಬಿಕೆಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ.

ನಂಬಿಕೆ 1: ಬೇಟೆಯಾಡಿದವರಿಗೆ ಮಾತ್ರ ಶಿಕ್ಷೆ

ತಪ್ಪು. ಕಾಡುಹಂದಿ, ಜಿಂಕೆ, ಕಾಡುಮೊಲ, ಉಡ, ಚಿಪ್ಪುಹಂದಿ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವುಗಳ ಮಾಂಸವನ್ನು ಕೊಳ್ಳುವುದು, ಇಟ್ಟುಕೊಳ್ಳುವುದು, ಸಾಗಿಸುವುದೂ ಅಪರಾಧ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ ಬೀಳಬಹುದು, ಎರಡೂ ಆಗಬಹುದು. ಉಡ, ಚಿಪ್ಪುಹಂದಿಯಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. "ಬೇಯಿಸಿದ ಮೇಲೆ ಯಾರಿಗೆ ಗೊತ್ತಾಗುತ್ತೆ?" ಎನ್ನಬೇಡಿ. ಬೇಯಿಸಿದ ತುಂಡಿನಿಂದಲೂ ಡಿಎನ್‌ಎ ಪರೀಕ್ಷೆ ಮಾಡಿ ಪ್ರಾಣಿಯನ್ನು ಗುರುತಿಸಬಹುದು.

ನಂಬಿಕೆ 2: ಬೆಳೆ ಹಾಳು ಮಾಡಿದ ಹಂದಿ, ರಸ್ತೆಯಲ್ಲಿ ಸತ್ತ ಜಿಂಕೆಯನ್ನು ತಿನ್ನಬಹುದು

ತಪ್ಪು. ಅನುಮತಿ ಪಡೆದು ಕೊಂದರೂ, ತಾನಾಗಿಯೇ ಸತ್ತು ಸಿಕ್ಕರೂ ಅದು ಸರ್ಕಾರದ ಆಸ್ತಿ. ಅರಣ್ಯ ಇಲಾಖೆಗೆ ತಿಳಿಸಬೇಕು.

ನಂಬಿಕೆ 3: ಕಾಡು ಮಾಂಸ ಶುದ್ಧ, ಔಷಧೀಯ

ಆಧಾರವಿಲ್ಲ. ಉಡದ ಮಾಂಸ, ಎಣ್ಣೆಯಿಂದ ಕೀಲುನೋವು ವಾಸಿಯಾಗುತ್ತದೆ, ಪುರುಷತ್ವ ಹೆಚ್ಚುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನಂತೆ ಬರೀ ಕೆರಾಟಿನ್. ಕದ್ದು ಮಾರುವ ಮಾಂಸವನ್ನು ಯಾವ ಪಶುವೈದ್ಯರೂ ಪರೀಕ್ಷಿಸಿರುವುದಿಲ್ಲ. ಕಾಡುಹಂದಿಯಲ್ಲಿ ಟ್ರೈಕಿನೆಲ್ಲಾ ಎಂಬ ಪರಾವಲಂಬಿ ಹುಳು ಇರಬಹುದು. ಉಪ್ಪು ಹಚ್ಚಿ ಒಣಗಿಸಿದರೆ, ಹೊಗೆಯಾಡಿಸಿದರೆ ಅದು ಸಾಯುತ್ತದೆಂಬ ಖಾತ್ರಿಯಿಲ್ಲ. ಗುಂಡೇಟಿನ ಮಾಂಸದಲ್ಲಿ ಸೀಸದ ಚೂರುಗಳೂ ಉಳಿಯಬಹುದು.

ನಂಬಿಕೆ 4: ಒಂದು ಪ್ಲೇಟ್‌ನಿಂದ ಕಾಡಿಗೇನು ನಷ್ಟ?

ಇಲ್ಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಇಲ್ಲವೇ ಅದರ ನೆರೆಯದ್ದು. ಜಿಂಕೆ, ಹಂದಿಗಳೇ ಹುಲಿಯ ಊಟ. ಹಂದಿಗೆಂದು ಕಟ್ಟಿದ ತಂತಿ ಉರುಳಿಗೆ ಚಿರತೆ, ಹುಲಿಯೂ ಸಿಕ್ಕಿ ಸಾಯುತ್ತವೆ. ಪ್ರವಾಸಿಗರು ದುಡ್ಡು ಕೊಟ್ಟಷ್ಟೂ ಉರುಳು ಹೆಚ್ಚುತ್ತದೆ.

ಹಾಗಾದರೆ ಅಲ್ಲಿ ಏನು ತಿನ್ನಬಹುದು?

ಜೋಯಿಡಾದ ಕುಣಬಿ ಸಮುದಾಯದವರು ಬೆಳೆಯುವ ಬಗೆಬಗೆಯ ಗೆಡ್ಡೆ-ಗೆಣಸುಗಳಿವೆ. ನಾಟಿ ಕೋಳಿ ಸಾರು, ಮೀನು ಇವೆ. ಹೊಸ ರುಚಿಯೇ ಬೇಕೆಂದರೆ ಕೆಂಪಿರುವೆಯ ಚಿಗಳಿ ಚಟ್ನಿ ಇದೆ. ಆದರೆ ಅಭಯಾರಣ್ಯದೊಳಗೆ ನೀವೇ ಹೋಗಿ ಗೂಡು ಕೀಳಬೇಡಿ. ಹಿಂದೆ ಅಲರ್ಜಿಯಾಗಿದ್ದರೆ ತಿನ್ನಬೇಡಿ.

ನಮ್ಮ ತೀರ್ಮಾನ: "ಕಾಡು ಮಾಂಸ ಸಿಗುತ್ತೆ" ಎಂದು ಯಾರಾದರೂ ಪಿಸುಗುಟ್ಟಿದರೆ ಬೇಡ ಎನ್ನಿ. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.