ಓಮ್ನಿ ಟ್ಯಾಂಕು ಯಾಕೆ ಫುಲ್ ಆಗ್ತಿರಲಿಲ್ಲ?

ಇವತ್ತಿನ ಮಾತು ಮಾರುತಿ ಓಮ್ನಿ ಬಗ್ಗೆ. ಸಿನಿಮಾದಲ್ಲಿ ಕಿಡ್ನಾಪ್ ಮಾಡೋಕೆ ಬರ್ತಿದ್ದ ಗಾಡಿ ಅಂದ್ರೆ ಸಾಕು, ಎಲ್ಲರಿಗೂ ಆ ಜಾರುವ ಬಾಗಿಲು ನೆನಪಾಗುತ್ತೆ. ನನಗೆ ಕುತೂಹಲ ಇರೋದು ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ.

1984ರಲ್ಲಿ ಬಂದಾಗ ಇದಕ್ಕೆ ಬರೀ 'ಮಾರುತಿ ವ್ಯಾನ್' ಅಂತಿದ್ರು. ಓಮ್ನಿ ಅನ್ನೋ ಹೆಸರು ಬಂದದ್ದು 1988ರಲ್ಲಿ. 796 ಸಿಸಿ, ಮೂರು ಸಿಲಿಂಡರ್, ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಡ್ರೈವರ್ ಪಾಡು ಕೇಳಬೇಡಿ! ಟ್ಯಾಂಕ್ ಸುಮಾರು 35 ಲೀಟರ್. ಲೀಟರಿಗೆ 14 ಕಿ.ಮೀ. ಅಂತ ಹಿಡಿದರೂ 490 ಕಿ.ಮೀ. ಆಯ್ತು. ಬೆಂಗಳೂರಿಂದ ಹುಬ್ಬಳ್ಳಿ ಮುಟ್ಟಿ ಇನ್ನೂ ಮಿಗುತ್ತೆ.

ಆದರೆ ಸ್ಕೂಲ್ ಮಕ್ಕಳನ್ನ ಹೊತ್ತ, ಬೇಕರಿ ಬ್ರೆಡ್ ಹಂಚಿದ, ಬಾಡಿಗೆಗೆ ಓಡಿದ ಓಮ್ನಿಗಳಲ್ಲಿ ಆ ಟ್ಯಾಂಕು ಪೂರ್ತಿ ತುಂಬಿದ್ದು ಅಪರೂಪ. ಬಂಕಿನಲ್ಲಿ ಲೀಟರ್ ಲೆಕ್ಕ ಹೇಳೋರು ಕಡಿಮೆ. 'ನೂರಕ್ಕೆ ಹಾಕಣ್ಣ' ಅನ್ನೋದೇ ಭಾಷೆ. ರೌಂಡ್ ಫಿಗರ್‌ನಲ್ಲಿ ಮೋಸ ಮಾಡ್ತಾರೆ ಅಂತ 110, 210 ಅನ್ನೋ ಜಾಣರೂ ಇದ್ರು. ಇದನ್ನ ಜಿಪುಣತನ ಅಂತ ನಗೋದು ಸುಲಭ. ಪೆಟ್ರೋಲ್ ಲೀಟರಿಗೆ 50 ರೂಪಾಯಿ ಇದ್ದಾಗ ಫುಲ್ ಟ್ಯಾಂಕ್ ಅಂದ್ರೆ 1750 ರೂಪಾಯಿ. ಸ್ಕೂಲ್ ವ್ಯಾನಿನ ಫೀಸು ಬರೋದು ತಿಂಗಳಿಗೊಮ್ಮೆ, ಪೆಟ್ರೋಲ್ ಬೇಕಾಗೋದು ದಿನಾ. ಅಷ್ಟು ದುಡ್ಡನ್ನ ಟ್ಯಾಂಕಿನೊಳಗೆ ಮಲಗಿಸಿಟ್ಟು ಮನೆ ಹೇಗೆ ನಡೆಸೋದು? ನಮ್ಮ ಕ್ಲೌಡ್ ಬಿಲ್ಲಿನ ಥರ, ಬಳಸಿದಷ್ಟಕ್ಕೆ ದುಡ್ಡು.

ಇದಕ್ಕೊಂದು ಗುಪ್ತ ಖರ್ಚೂ ಇತ್ತು. ಕಾರ್ಬ್ಯುರೇಟರ್ ಇದ್ದಷ್ಟು ಕಾಲ ಅಷ್ಟೇನೂ ತೊಂದರೆ ಇರಲಿಲ್ಲ. ಆಮೇಲೆ ಎಂಪಿಎಫ್‌ಐ ಬಂತು. ಅದರ ಎಲೆಕ್ಟ್ರಿಕ್ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತೆ, ತಣ್ಣಗಾಗೋದೂ ಪೆಟ್ರೋಲಿನಿಂದಲೇ. ಸದಾ ಮುಳ್ಳು ಕೆಳಗಿದ್ರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತೆ. ಗಾಡಿ ಬದಲಾಯ್ತು, ಜೇಬು ಬದಲಾಗಲಿಲ್ಲ.

ಇನ್ನು 'ಮಧ್ಯರಾತ್ರಿಯಿಂದ ಹೊಸ ದರ' ಅಂತ ಟಿವಿಯಲ್ಲಿ ಬಂದ ಸಂಜೆಗಳು. ಬಂಕಿನ ಮುಂದೆ ಉದ್ದ ಕ್ಯೂ. 3 ರೂಪಾಯಿ ಏರಿಕೆ ಅಂದ್ರೆ 20 ಲೀಟರಿಗೆ ಉಳಿಯೋದು 60 ರೂಪಾಯಿ. ಆ ಉಳಿತಾಯವೂ ಸಿಗ್ತಿದ್ದದ್ದು ಅವತ್ತು ಕೈಯಲ್ಲಿ ಸಾವಿರ ರೂಪಾಯಿ ಇದ್ದೋರಿಗೆ. ನೂರರ ಗಿರಾಕಿಗೆ ದಕ್ಕಿದ್ದು ಆರು ರೂಪಾಯಿ. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ದರದ ಹಿಡಿತ ಬಿಟ್ಟಿತು. 2017ರ ಜೂನ್ 16ರಿಂದ ದಿನಾ ಬೆಳಗ್ಗೆ ಆರಕ್ಕೆ ದರ ಬದಲಾಗೋ ಪದ್ಧತಿ ಬಂತು. ಪೈಸೆ ಪೈಸೆ ಏರಿದ್ರೆ ಯಾರು ಕ್ಯೂ ನಿಲ್ತಾರೆ?

ಬಡ್ಡಿಯಿಲ್ಲದ ಇನ್ನೊಂದು ದಾರಿ ಅಂತ ಜನ ಹುಡುಕಿದ್ದು ಅಡುಗೆ ಗ್ಯಾಸ್. ಸಬ್ಸಿಡಿಯ 14.2 ಕೆಜಿ ಸಿಲಿಂಡರಿನಿಂದ ಗಾಡಿಗೆ ಕದ್ದು ತುಂಬಿಸೋದು, ಕೆಲವೊಮ್ಮೆ ಸಿಲಿಂಡರನ್ನೇ ಒಳಗಿಡೋದು. ವಾಹನಕ್ಕೆ ಎಲ್‌ಪಿಜಿ ಬಳಸೋಕೆ ನಿಯಮ ಬಂದಿದ್ದು 2001ರ ಆದೇಶದಿಂದ. ಸಕ್ರಮ ಆಟೋ ಎಲ್‌ಪಿಜಿ ಟ್ಯಾಂಕು ಶೇ. 80 ತುಂಬಿದ ಕೂಡಲೇ ವಾಲ್ವ್ ತಾನಾಗೇ ನಿಲ್ಲಿಸುತ್ತೆ, ಯಾಕಂದ್ರೆ ಬಿಸಿಲಿಗೆ ಆ ದ್ರವ ಹಿಗ್ಗುತ್ತೆ, ಅದಕ್ಕೆ ಜಾಗ ಬೇಕು. ಅಡುಗೆ ಸಿಲಿಂಡರಿನಿಂದ ಅಂದಾಜಿನಲ್ಲಿ ತುಂಬಿಸುವಾಗ ಆ ಕಾವಲು ಇರೋದಿಲ್ಲ. ಹಿಂದಿನ ಸೀಟಲ್ಲಿ ಮಕ್ಕಳು ಕೂತಿರ್ತಿದ್ರು ಅನ್ನೋದನ್ನ ನೆನೆಸಿಕೊಂಡ್ರೆ ಈಗಲೂ ಮೈ ಜುಮ್ಮನ್ನುತ್ತೆ.

2019ರಲ್ಲಿ ಓಮ್ನಿ ನಿಂತಿತು. ಅದರ ಜಾಗ ಹಿಡಿದ ಈಕೋದಲ್ಲಿ ಒಂದು ಮಜಾ ಲೆಕ್ಕ ಇದೆ. ಹಳೇ ಟ್ಯಾಂಕ್ 40 ಲೀಟರ್, 2022ರ ಹೊಸ ಮಾಡೆಲ್ಲಿನದು 32. ಎಂಟು ಲೀಟರ್ ಕಟ್! ಆದರೆ ಕಂಪನಿ ಹೇಳೋ ಮೈಲೇಜ್ 16.11ರಿಂದ 19.71ಕ್ಕೆ ಏರಿದೆ. ಗುಣಿಸಿ ನೋಡಿ: ಆಗ 644 ಕಿ.ಮೀ., ಈಗ 631. ಹೆಚ್ಚು ಕಡಿಮೆ ಅಷ್ಟೇ. ಸಿಎನ್‌ಜಿ ಈಕೋದ ಕತೆ ಬೇರೆ. ಅದರ 65 ಲೀಟರ್ ಸಿಲಿಂಡರಿಗೆ ಹಿಡಿಯೋದು ಹತ್ತು ಕೆಜಿ ಆಸುಪಾಸು, ಅದೂ ಬಂಕಿನಲ್ಲಿ ಪ್ರೆಷರ್ ಚೆನ್ನಾಗಿದ್ರೆ. ದೆಹಲಿ, ಮುಂಬೈ, ಪುಣೆಯಲ್ಲಿರೋರಿಗೆ ಆ ಕ್ಯೂ ಗೊತ್ತೇ ಇದೆ. ಅಲ್ಲಿ ಮಾತ್ರ ಯಾವ ಡ್ರೈವರೂ ನೂರಕ್ಕೆ ಹಾಕು ಅನ್ನೋದಿಲ್ಲ. ಅರ್ಧ ಗಂಟೆ ನಿಂತ ಮೇಲೆ ಫುಲ್ಲೇ ಮಾಡಿಸ್ತಾನೆ.