ಋತುಸಂಧಿ: ಶಿಶಿರಾಂತ್ಯದಲ್ಲಿ ವಸಂತದ ಸಿದ್ಧತೆ

ಕವಿಗಳ ಪಾಲಿಗೆ ವಸಂತನು ಋತುರಾಜ. ಮಾವಿನ ಚಿಗುರು, ಕೋಗಿಲೆಯ ದನಿ, ತೆಂಕಣ ಗಾಳಿ, ಅರಳುವ ಮಲ್ಲಿಗೆ, ಇವಿಲ್ಲದ ವಸಂತವರ್ಣನೆಯು ಸಂಸ್ಕೃತ ಕಾವ್ಯಗಳಲ್ಲಾಗಲಿ ಕನ್ನಡ ಕಾವ್ಯಗಳಲ್ಲಾಗಲಿ ದೊರೆಯುವುದು ದುರ್ಲಭ. ಆದರೆ ಅದೇ ವಸಂತನನ್ನು ವೈದ್ಯರು ಬೇರೊಂದು ಬಗೆಯಿಂದ ಕಂಡರು. ಕವಿಯು ಹಿಗ್ಗಿದ ಕಡೆಯಲ್ಲಿ ವೈದ್ಯನು ಎಚ್ಚರಗೊಂಡನು. ಒಂದೇ ಋತುವಿಗೆ ಹೀಗೆ ಎರಡು ಮುಖಗಳು ಏಕೆ ಬಂದವು, ಶಿಶಿರದ ಕೊನೆಯ ದಿನಗಳಲ್ಲಿ ಪೂರ್ವಿಕರು ಮನೆಯನ್ನೂ ಮೈಯನ್ನೂ ಹೇಗೆ ಅಣಿಗೊಳಿಸುತ್ತಿದ್ದರು ಎಂಬುದು ವಿಚಾರಾರ್ಹವಾದ ವಿಷಯ.

ಈ ಎಚ್ಚರವು ಬಹು ಪುರಾತನವಾದುದು. ವೈದಿಕ ಕರ್ಮಗಳಲ್ಲಿ ಚಾತುರ್ಮಾಸ್ಯಗಳೆಂಬ ಯಾಗಗಳುಂಟು. ಇವುಗಳಲ್ಲಿ ಮೊದಲನೆಯದಾದ ವೈಶ್ವದೇವಪರ್ವವು ಫಾಲ್ಗುನದ ಹುಣ್ಣಿಮೆಗೆ, ಎಂದರೆ ಚಳಿಯು ಹಿಂಜರಿದು ಬಿಸಿಲು ಮುಂದೊತ್ತುವ ಕಾಲಕ್ಕೆ, ಸಲ್ಲುವುದು. ಕೌಷೀತಕಿಬ್ರಾಹ್ಮಣವು ಈ ಯಾಗಗಳನ್ನು ಭೈಷಜ್ಯಯಜ್ಞಗಳೆಂದು ಕರೆದು, ಋತುಗಳು ಕೂಡುವ ಸಂಧಿಯಲ್ಲಿಯೇ ವ್ಯಾಧಿಗಳು ಹುಟ್ಟುವುದರಿಂದ ಇವನ್ನು ಆ ಸಂಧಿಗಳಲ್ಲಿ ಮಾಡಬೇಕೆಂದು ಕಾರಣವನ್ನೂ ಹೇಳುತ್ತದೆ. ಯಾಗದ ಫಲವನ್ನು ಕುರಿತು ಯಾರು ಏನೇ ಹೇಳಲಿ, ಋತುವಿನ ಹೊಸ್ತಿಲಿನಲ್ಲಿ ರೋಗ ಕಾದಿರುವುದೆಂಬ ಅನುಭವವು ಆಗಲೇ ಮೂಡಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಯುರ್ವೇದವು ಈ ಅನುಭವವನ್ನು ಶಾಸ್ತ್ರವಾಗಿ ಬೆಳೆಯಿಸಿತು. ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯವೂ, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೆಯ ಅಧ್ಯಾಯವೂ ಋತುಚರ್ಯೆಗೆ ಮೀಸಲಾಗಿವೆ. ಹೇಮಂತ ಶಿಶಿರಗಳಲ್ಲಿ ಜಠರಾಗ್ನಿಯು ಪ್ರಬಲವಾಗಿರುವುದರಿಂದ ಜನರು ಹೊಸ ಅಕ್ಕಿಯ ಅನ್ನ, ಹಾಲು, ಕಬ್ಬಿನ ಪದಾರ್ಥಗಳು, ಜಿಡ್ಡಿನ ಗುರುವಾದ ಆಹಾರಗಳನ್ನು ಉಣ್ಣಬಹುದು. ಗಾಳಿ ಸುಳಿಯದ ಬೆಚ್ಚನೆಯ ಒಳಮನೆಯಲ್ಲಿ ದಪ್ಪ ಹೊದಿಕೆಗಳ ನಡುವೆ ಮಲಗಬಹುದು. ಈ ಕಾಲದಲ್ಲಿ ಸಂಚಿತವಾದ ಕಫವು ವಸಂತದ ಸೂರ್ಯಕಿರಣಗಳಿಂದ ಕರಗಿ ಜಠರಾಗ್ನಿಯನ್ನು ಕುಂದಿಸಿ ನಾನಾ ರೋಗಗಳನ್ನು ತರುವುದೆಂಬುದು ಆಚಾರ್ಯರ ಮತ. ಆದಕಾರಣ ಗುರು, ಸ್ನಿಗ್ಧ, ಆಮ್ಲ, ಮಧುರ ಪದಾರ್ಥಗಳನ್ನೂ ಹಗಲುನಿದ್ದೆಯನ್ನೂ ಬಿಡಬೇಕು. ವ್ಯಾಯಾಮ, ಚೂರ್ಣಗಳಿಂದ ಮೈಯುಜ್ಜುವ ಉದ್ವರ್ತನ, ಹಳೆಯ ಜವೆಗೋಧಿ ಮತ್ತು ಗೋಧಿ, ಜೇನು, ಶುಂಠಿಯ ನೀರು ಇವು ಹಿತಕರವೆಂದು ವಿಧಿಸಲಾಗಿದೆ. ಬೆಚ್ಚನೆಯ ಒಳಮನೆಯನ್ನು ಬಿಟ್ಟು ನಡುಹಗಲನ್ನು ತಂಗಾಳಿ ಬೀಸುವ ತೋಪುಗಳಲ್ಲಿ ಕಳೆಯಬೇಕೆಂದು ವಾಗ್ಭಟನು ಹೇಳುತ್ತಾನೆ.

ಈ ವಿಧಿಗಳಿಗಿಂತಲೂ ಬೆಲೆಯುಳ್ಳದ್ದು ಅವನ್ನು ಆಚರಣೆಗೆ ತರುವ ಕ್ರಮ. ಕಳೆಯುವ ಋತುವಿನ ಕೊನೆಯ 7 ದಿನಗಳೂ ಬರುವ ಋತುವಿನ ಮೊದಲ 7 ದಿನಗಳೂ ಸೇರಿ ಋತುಸಂಧಿಯೆನಿಸುವುವು. ಈ 14 ದಿನಗಳಲ್ಲಿ ಹಿಂದಿನ ರೂಢಿಯನ್ನು ಮೆಲ್ಲಮೆಲ್ಲನೆ ಬಿಡುತ್ತ ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಥಟ್ಟನೆ ಬಿಟ್ಟರೂ ಥಟ್ಟನೆ ಹಿಡಿದರೂ ಅಸಾತ್ಮ್ಯದಿಂದ ರೋಗವುಂಟಾಗುವುದು. ದುರಭ್ಯಾಸವನ್ನು ಬಿಡುವುದಕ್ಕೂ ಇದೇ ನಿಯಮ: ಕಾಲುಭಾಗದಂತೆ, ಇಲ್ಲವೆ ಕಾಲಿನಲ್ಲಿ ಕಾಲುಭಾಗದಂತೆ, ನಡುವೆ ಒಂದೆರಡು ಮೂರು ದಿನಗಳ ಬಿಡುವು ಕೊಟ್ಟು ಬಿಡಬೇಕು. ಮನುಷ್ಯಸ್ವಭಾವವನ್ನು ಅರಿತವರಲ್ಲದೆ ಮತ್ತಾರು ಇಂತಹ ಮಾತನ್ನು ಹೇಳಬಲ್ಲರು?

ಕನ್ನಡ ನಾಡಿನಲ್ಲಿ ಈ ತಿಳಿವಳಿಕೆಯು ಅರಮನೆಯಿಂದ ಗುಡಿಸಲಿನವರೆಗೂ ಹರಿದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ರಾಜನ ಊಟವನ್ನು ಋತುವಿಗೆ ತಕ್ಕಂತೆ ಹಂಚಿದ್ದಾನೆ. ಶಿಶಿರಕ್ಕೆ ಬಿಸಿಯೂ ಹುಳಿಯೂ ಸಲ್ಲುವುವು. ವಸಂತಕ್ಕೆ ಕಟುರಸವು ಸಲ್ಲುವುದು. ಅದಕ್ಕೆ ನೂರು ವರ್ಷ ಮುಂಚೆ, ಸುಮಾರು 1025ರಲ್ಲಿ, ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥದಲ್ಲಿ ಸೂಪಶಾಸ್ತ್ರ, ವೈದ್ಯ, ವೃಕ್ಷಾಯುರ್ವೇದ ಮೊದಲಾದ ಸಂಸಾರೋಪಯೋಗಿ ವಿದ್ಯೆಗಳನ್ನು ಕನ್ನಡದಲ್ಲಿಯೇ ಬರೆದಿಟ್ಟಿದ್ದನು.

ಓದುಬರಹವಿಲ್ಲದವರಿಗೆ ಹಬ್ಬಗಳೇ ಶಾಸ್ತ್ರವಾದುವು. ಶಿವರಾತ್ರಿಗೆ ಚಳಿಯು ಶಿವ ಶಿವ ಎಂದು ಓಡುವುದೆಂಬುದು ಲೋಕೋಕ್ತಿ. ಮಾಘ ಬಹುಳ ಚತುರ್ದಶಿಯ ಆ ದಿನದಿಂದ ಚೈತ್ರ ಶುದ್ಧ ಪ್ರತಿಪದೆಯ ಯುಗಾದಿಗೆ ಹೆಚ್ಚುಕಡಮೆ ಒಂದು ತಿಂಗಳು. ನಡುವೆ ಹೋಳಿಯ ಹುಣ್ಣಿಮೆ. ಆ ತಿಂಗಳೇ ಗೃಹಿಣಿಯ ಋತುಸಂಧಿ. ಕಂಬಳಿ ಕೌದಿಗಳನ್ನು ಬಿಸಿಲಿಗೆ ಹಾಕಿ ಮಡಿಸಿಡುವುದು, ಕಾಳುಕಡಿಗೆ ಬೇವಿನೆಲೆಯನ್ನೋ ಬೂದಿಯನ್ನೋ ಬೆರಸಿ ಹುಳು ಬೀಳದಂತೆ ತುಂಬಿಡುವುದು, ಹೊಸ ಹುಣಿಸೆಯ ನಾರು ಬೀಜ ತೆಗೆಯುವುದು, ಹಪ್ಪಳ ಸಂಡಿಗೆಗಳನ್ನು ಒಣಗಿಸುವುದು, ಗೋಡೆಗಳಿಗೆ ಸುಣ್ಣ ಕಾರಣೆ ಬಳಿಯುವುದು, ಇವೆಲ್ಲ ಆಗ ನಡೆಯತಕ್ಕ ಕೆಲಸಗಳು. ಕಾಮದಹನದ ನೆಪದಲ್ಲಿ ಊರಿನ ಹಳೆಯ ಮರಮುಟ್ಟು ಕಸಕಡ್ಡಿಗಳು ಬೂದಿಯಾಗುತ್ತಿದ್ದುವು. ಯುಗಾದಿಯ ಬೆಳಗ್ಗೆ ಬೆಲ್ಲದೊಡನೆ ಬಾಯಿಗೆ ಬೀಳುವ ಬೇವು, ಸಿಹಿಯೊಂದನ್ನೇ ನೆಚ್ಚಬೇಡವೆಂಬ ವೈದ್ಯರ ಮಾತಿಗೂ ಒಪ್ಪುವುದು.

ಇಷ್ಟೆಲ್ಲ ಸಿದ್ಧತೆಯ ಹಿಂದೆ ನಿಜವಾದ ಭಯವೊಂದಿತ್ತು. ಸಂಸ್ಕೃತದ ವೈದ್ಯಗ್ರಂಥಗಳು ಮಸೂರಿಕೆಯೆಂದೂ ಕನ್ನಡಿಗರು ಸಿಡುಬೆಂದೂ ಕರೆದ ವ್ಯಾಧಿಯು ಶಿಶಿರಾಂತ್ಯದಿಂದ ಬೇಸಗೆಯವರೆಗೆ ಹೆಚ್ಚಾಗಿ ಹಬ್ಬುತ್ತಿತ್ತು. ಬಂಗಾಳಿಗಳು ಆ ರೋಗವನ್ನು ವಸಂತವೆಂದೇ ಕರೆದರು. ಶುಂಠಿಯ ನೀರಾಗಲಿ ಸುಣ್ಣದ ಗೋಡೆಯಾಗಲಿ ಅದನ್ನು ತಡೆಯಲಿಲ್ಲವೆಂಬುದನ್ನು ಒಪ್ಪಲೇಬೇಕು. ಪೂರ್ವಿಕರು ಕಾಲವನ್ನು ಸರಿಯಾಗಿ ಗುರುತಿಸಿದ್ದರು. ಕಾರಣವು ಅವರಿಗೆ ಗೋಚರಿಸಿರಲಿಲ್ಲ. 1796ರಲ್ಲಿ ಇಂಗ್ಲೆಂಡಿನ ಜೆನ್ನರನು ಗೋವಿನ ಸಿಡುಬಿನಿಂದ ರಕ್ಷಣೆಯ ಮಾರ್ಗವನ್ನು ತೋರಿಸಿದನು. 1802ರಲ್ಲಿ ಅದು ಮುಂಬಯಿಗೆ ತಲುಪಿತು. ಥಾಮಸ್ ಹಿಕಿಯು 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರು ಮೈಸೂರಿನ ರಾಜಮನೆತನದವರೆಂದೂ, ಸೆರಗನ್ನು ಸರಿಸಿ ತೋಳು ತೋರುತ್ತಿರುವ ರಾಣಿಯು ದಾಕು ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತಿಳಿಸುತ್ತಿರುವಳೆಂದೂ ಇತಿಹಾಸಜ್ಞರು ಊಹಿಸಿದ್ದಾರೆ. ಪರಂಪರೆಯ ಮಡಿಲಿನಲ್ಲಿ ಬೆಳೆದ ಮನೆತನವೇ ಹೊಸ ವಿದ್ಯೆಗೆ ತೋಳೊಡ್ಡಿತೆಂಬುದು ಸಾಮಾನ್ಯ ಸಂಗತಿಯಲ್ಲ. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಪಂಚಾಂಗವನ್ನು ಕುರಿತೂ ಒಂದು ಮಾತುಂಟು. ಅಯನಚಲನದಿಂದ ಸುಮಾರು 72 ವರ್ಷಗಳಿಗೆ ಒಂದು ಅಂಶದಂತೆ ನಿರಯನ ಗಣನೆಯು ಋತುಗಳಿಂದ ಸರಿಯುತ್ತ ಬಂದಿದೆ. ಡಿಸೆಂಬರ್ 22ರ ಸುಮಾರಿಗೆ ಆಗುವ ನಿಜವಾದ ಉತ್ತರಾಯಣವನ್ನು ಜನರು ಜನವರಿ 14ರ ಸುಮಾರಿಗೆ ಆಚರಿಸುವುದು ಇದರಿಂದಲೇ. ಸುಶ್ರುತಸಂಹಿತೆಯು ಚೈತ್ರ ವೈಶಾಖಗಳನ್ನು ವಸಂತವೆಂದು ಹೇಳಿ, ಬೇರೊಂದು ಗಣನೆಯಲ್ಲಿ ಫಾಲ್ಗುನ ಚೈತ್ರಗಳನ್ನು ವಸಂತವೆಂದಿದೆ. ಆದುದರಿಂದ ತಿಥಿಯೊಂದನ್ನೇ ನಂಬದೆ ಬಿಸಿಲು ಗಾಳಿ ಚಿಗುರುಗಳನ್ನು ನೋಡಿ ಋತುವನ್ನು ಅರಿಯುವುದು ವಿವೇಕ.

ಸಿಡುಬು ಹೋದರೂ ದಡಾರ, ಸೀತಾಳೆಸಿಡುಬುಗಳು ಈ ಸಂಧಿಯಲ್ಲಿ ಇಂದಿಗೂ ತಲೆಯೆತ್ತುವುವು. ಮಕ್ಕಳಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದೂ ಸುಣ್ಣ ಕಾರಣೆಯಷ್ಟೇ ಅಗತ್ಯವಾದ ಗೃಹಕೃತ್ಯವೆಂದು ಎಣಿಸಬೇಕು. ಹಳೆಯದನ್ನು ಒಮ್ಮೆಗೇ ಒಗೆಯದೆ, ಹೊಸದನ್ನು ಒಮ್ಮೆಗೇ ದೂರಮಾಡದೆ, ಹಿತವಾದುದನ್ನು ಮೆಲ್ಲನೆ ರೂಢಿಸಿಕೊಳ್ಳುವುದೇ ಋತುಸಂಧಿಯ ಪಾಠ. ಅದು ಊಟಕ್ಕೆ ಸಲ್ಲುವಂತೆ ವಿದ್ಯೆಗೂ ಸಲ್ಲುತ್ತದೆ.